ಕಿವಿಯಿಂದ ಕಲಿತವನ ಕೈಗೆ ಹೈಬ್ರಿಡ್ ಕಾರು

ಕಾರು ಓಡಿಸುವುದನ್ನು ನಾನು ಕಲಿತಿದ್ದು ಕಿವಿಯಿಂದ. ಎಂಜಿನ್ ಏದುಸಿರು ಬಿಟ್ಟರೆ ಗೇರ್ ಇಳಿಸು, ಅರಚಿಕೊಂಡರೆ ಏರಿಸು, ಸಿಗ್ನಲ್‌ನಲ್ಲಿ ನಿಂತ ಕೂಡಲೇ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಡು. ಕಲಿಸಿದವರು ಹೇಳಿದ್ದು ಇಷ್ಟೇ. ನಾಡು ಬಿಟ್ಟು ಬಂದು ಎಷ್ಟೋ ವರ್ಷವಾದರೂ ಆ ಪಾಠ ಕೈಕಾಲಿನಲ್ಲೇ ಕೂತಿತ್ತು. ಹೀಗಾಗಿ ಪೆಟ್ರೋಲ್ ಎಂಜಿನ್ ಜತೆಗೆ ವಿದ್ಯುತ್ ಮೋಟಾರ್ ಕೂಡ ಇರುವ ಹೈಬ್ರಿಡ್ ಕಾರು ಕೊಂಡ ಮೊದಲ ಐದಾರು ತಿಂಗಳು ಪ್ರತಿ ಸಿಗ್ನಲ್‌ನಲ್ಲೂ ಲಿವರನ್ನು ‘ಎನ್’ಗೆ ತಳ್ಳುತ್ತಿದ್ದೆ. ಗಾಡಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ನನ್ನ ಕಾರಿನಂಥ, ಮೋಟಾರ್ ಒಂದರಿಂದಲೂ ಓಡಬಲ್ಲ ಪೂರ್ಣ ಹೈಬ್ರಿಡ್‌ಗಳಲ್ಲಿ ‘ಎನ್’ಗೆ ಹಾಕಿದರೆ ಬ್ಯಾಟರಿ ಚಾರ್ಜ್ ಆಗುವುದೇ ನಿಂತುಹೋಗುತ್ತದೆ. ಎಸಿ ಮಾತ್ರ ಅದೇ ಬ್ಯಾಟರಿಯಿಂದ ಕರೆಂಟು ಹೀರುತ್ತಲೇ ಇರುತ್ತದೆ. ದಟ್ಟಣೆಯಲ್ಲಿ ‘ಡಿ’ಯಲ್ಲೇ, ಅಂದರೆ ಮುಂದೆ ಸಾಗುವ ಸ್ಥಾನದಲ್ಲೇ, ಬಿಟ್ಟು ಬ್ರೇಕ್ ಒತ್ತಿ ನಿಂತರೆ ಸಾಕು. ಬಿಡಬೇಕಾದ ಕ್ಲಚ್ಚೇ ಅಲ್ಲಿಲ್ಲ. ಇದನ್ನು ನನಗೆ ಯಾರೂ ಹೇಳಲಿಲ್ಲ. ಕಾರು ಕೈಗೆ ಕೊಟ್ಟ ದಿನ ಷೋರೂಮಿನವರು ಫೋನನ್ನು ಕಾರಿಗೆ ಜೋಡಿಸುವುದು ಹೇಗೆಂದು ಅರ್ಧ ಗಂಟೆ ವಿವರಿಸಿದರು. ಲಿವರಿನ ಮೇಲಿದ್ದ ‘ಎನ್’, ‘ಬಿ’ ಅಕ್ಷರಗಳ ಬಗ್ಗೆ ಒಂದು ಮಾತೂ ಬರಲಿಲ್ಲ. ಅದು ನನಗೆ ಈಗಲೂ ಬೇಸರದ ಸಂಗತಿ.

ನಾನು ಬೆಳೆದ ಬಳಗದಲ್ಲಿ ಕಾರಿದ್ದವರು ಬಾನೆಟ್ ಎತ್ತಿ ನೋಡುತ್ತಿದ್ದರು, ಸದ್ದಿನಲ್ಲಿ ಚೂರು ವ್ಯತ್ಯಾಸವಾದರೂ ನಾಲ್ಕು ಜನರನ್ನು ಕೇಳುತ್ತಿದ್ದರು. ಈಗ ನನ್ನ ಸುತ್ತ ಇರುವವರಿಗೆ ಕಾರು ಎಂದರೆ ಗುಂಡಿ ಒತ್ತಿ ಹೊರಡುವ ವಸ್ತು. ದೀಪ ಹತ್ತಿದರೆ ಸರ್ವಿಸಿಗೆ ಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಮೊದಮೊದಲು ಈ ನಿರಾಳತೆ ನನಗೂ ಹಿಡಿಸಿತ್ತು. ಮೂರು ವರ್ಷ ಹೈಬ್ರಿಡ್ ಓಡಿಸಿದ ಮೇಲೆ ನನ್ನ ಮನಸ್ಸು ಹಳಬರ ಕಡೆಗೇ ವಾಲಿದೆ. ಅವರ ಪಾಠಗಳು ಈ ಗಾಡಿಗೆ ಹೊಂದುವುದಿಲ್ಲ, ನಿಜ. ಆದರೆ ಒಳಗೆ ಏನಾಗುತ್ತಿದೆ ಎಂದು ಕೇಳುವ ಅವರ ಗುಣ ಈ ಗಾಡಿಗೇ ಹೆಚ್ಚು ಬೇಕು.

ಏಕೆಂದರೆ ಇಲ್ಲಿ ಕಿವಿಯನ್ನು ನಂಬುವಂತಿಲ್ಲ. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್‌ನಲ್ಲಿ ನಾವು ತಿಳಿದ ಗೇರ್‌ಬಾಕ್ಸೇ ಇರಲಿಲ್ಲ. ನಡುವೆ ಒಂದು ಹಲ್ಲುಚಕ್ರ, ಅದರ ಸುತ್ತ ಪುಟ್ಟ ಚಕ್ರಗಳು, ಹೊರಗೆ ಬಳೆಯಂತೆ ಇನ್ನೊಂದು. ನಡುವಿನದಕ್ಕೆ ಒಂದು ಮೋಟಾರ್, ಪುಟ್ಟ ಚಕ್ರಗಳನ್ನು ಹಿಡಿದಿರುವ ಚೌಕಟ್ಟಿಗೆ ಎಂಜಿನ್, ಹೊರಬಳೆಗೆ ಇನ್ನೊಂದು ಮೋಟಾರ್ ಮತ್ತು ಗಾಡಿಯ ಚಕ್ರಗಳು. ಈ ಮೂರೂ ಒಂದಕ್ಕೊಂದು ವೇಗ ಹೊಂದಿಸಿಕೊಳ್ಳುತ್ತ ಹೋಗುತ್ತವೆ. ಕ್ಲಚ್ ಇಲ್ಲ, ಸ್ಟಾರ್ಟರ್ ಬೇರೆಯಿಲ್ಲ, ಆಲ್ಟರ್ನೇಟರ್ ಬೇರೆಯಿಲ್ಲ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎನ್ನುವುದಕ್ಕೂ ಗಾಡಿ ಎಷ್ಟು ವೇಗವಾಗಿ ಹೋಗುತ್ತಿದೆ ಎನ್ನುವುದಕ್ಕೂ ನೇರ ಸಂಬಂಧವೇ ಉಳಿದಿಲ್ಲ. ಏರು ಹತ್ತುವಾಗ ಎಂಜಿನ್ ಒಂದೇ ಸಮನೆ ಕೂಗಿದರೆ ಹಳೆಯ ಕಿವಿಗೆ ಕ್ಲಚ್ ಪ್ಲೇಟ್ ಸವೆದಂತೆ ಕೇಳುತ್ತದೆ. ಅದು ರೋಗವಲ್ಲ, ಆ ಹೊತ್ತಿಗೆ ಬೇಕಾದ ಶಕ್ತಿಯನ್ನು ಎಂಜಿನ್ ತನಗೆ ಅನುಕೂಲವಾದ ವೇಗದಲ್ಲಿ ಕೊಡುತ್ತಿದೆ, ಅಷ್ಟೇ.

ಇಳಿಜಾರಿನ ಪಾಠವಂತೂ ಪೂರ್ತಿ ಹೊಸದು. ಬ್ರೇಕನ್ನು ಮೆಲ್ಲಗೆ, ಬೇಗ ಒತ್ತಿದರೆ ಮೋಟಾರ್ ಡೈನಮೋ ಆಗಿ ಗಾಡಿಯ ಓಟವನ್ನೇ ಕರೆಂಟಾಗಿಸುತ್ತದೆ. ಗಕ್ಕನೆ ಒತ್ತಿದರೆ ಅದರಲ್ಲಿ ಬಹುಪಾಲು ಬ್ರೇಕ್ ಪ್ಯಾಡಿನ ಶಾಖವಾಗಿ ಹೋಗುತ್ತದೆ. ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಜಾರಿಸುವ ಚಾಳಿ ಅಪಾಯಕಾರಿಯಷ್ಟೇ ಅಲ್ಲ, ಇಲ್ಲಿ ನಷ್ಟ ಕೂಡ. ಪುಕ್ಕಟೆ ಸಿಗುತ್ತಿದ್ದ ಚಾರ್ಜನ್ನು ಕೈಯಾರೆ ಚೆಲ್ಲಿದಂತೆ. ಇನ್ನು ಇಳಿಜಾರು ತುಂಬ ಉದ್ದವಾಗಿದ್ದರೆ ಬ್ಯಾಟರಿ ತುಂಬಿಬಿಡುತ್ತದೆ. ಅದು ದೊಡ್ಡದೇನೂ ಅಲ್ಲ: ಎರಡನೆಯ ಪೀಳಿಗೆಯ ಪ್ರಿಯಸ್‌ನದು ಸುಮಾರು 1.3 ಯೂನಿಟ್ ಹಿಡಿಯುತ್ತಿತ್ತು, ಅದರಲ್ಲೂ ಬಾಳಿಕೆಗಾಗಿ ಕಂಪ್ಯೂಟರ್ ನಡುವಿನ ಒಂದು ಪಾಲನ್ನಷ್ಟೇ ಬಳಸುತ್ತದೆ. ತುಂಬಿದ ಮೇಲೆ ಭಾರವೆಲ್ಲ ಪ್ಯಾಡುಗಳ ಮೇಲೆ. ‘ಬಿ’ ಇರುವುದು ಇಂಥ ಹೊತ್ತಿಗೆ. ಆಗ ಮೋಟಾರ್ ಎಂಜಿನ್ನನ್ನು ಪೆಟ್ರೋಲ್ ಸುರಿಯದೆ ಬರಿದೇ ತಿರುಗಿಸಿ ಹೆಚ್ಚಾದ ಶಕ್ತಿಯನ್ನು ಕಳೆಯುತ್ತದೆ. ಎರಡನೇ ಗೇರಿನಲ್ಲಿ ಇಳಿದಂತೆಯೇ. ಎಂಜಿನ್ ದೊಡ್ಡ ಸದ್ದು ಮಾಡಿದಾಗ ಗಾಬರಿ ಬೀಳಬಾರದು. ಸಮತಟ್ಟಿನ ರಸ್ತೆಯಲ್ಲಿ ದಿನವೂ ‘ಬಿ’ ಹಾಕಿಕೊಂಡು ಓಡಿಸುವವರನ್ನೂ ನೋಡಿದ್ದೇನೆ. ಅದರಿಂದ ಮೈಲೇಜ್ ಇಳಿಯುತ್ತದೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ನಮ್ಮ ಕಡೆಯವರೇ ಆದ ಸ್ನೇಹಿತರೊಬ್ಬರು ಫೋನ್ ಮಾಡಿದರು. “ಅಲ್ರೀ, ಮೂರು ವಾರದ ಹಿಂದೆ ನಿಲ್ಲಿಸುವಾಗ ಬ್ಯಾಟರಿ ಪೂರ್ತಿ ತೋರಿಸ್ತಿತ್ತು. ಈಗ ನೋಡಿದ್ರೆ ಬಾಗಿಲೂ ತೆಗೀತಿಲ್ಲ. ಹೊಸ ಬ್ಯಾಟರಿ ಹಾಕಿಸ್ಬೇಕಾ?” ದನಿಯಲ್ಲಿ ಭಯವಿತ್ತು. ಸತ್ತಿದ್ದು ಗಾಡಿ ಎಳೆಯುವ ದೊಡ್ಡ ಬ್ಯಾಟರಿಯಲ್ಲ, 12 ವೋಲ್ಟಿನ ಸಣ್ಣದು. ಕಂಪ್ಯೂಟರುಗಳನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯ ಸ್ವಿಚ್ಚನ್ನು ಕೂಡಿಸುವುದು ಅದರ ಕೆಲಸ. ಅದು ಮಲಗಿದರೆ ದೊಡ್ಡದು ತುಂಬಿ ತುಳುಕುತ್ತಿದ್ದರೂ ಗಾಡಿ ಏಳುವುದಿಲ್ಲ. ಕೀಯೊಳಗೆ ಅಡಗಿರುವ ಲೋಹದ ಕೀಯಿಂದ ಬಾಗಿಲು ತೆಗೆದು, ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೆ ಜಂಪರ್ ವಯರ್ ಹಾಕಿದೆವು. ಎರಡು ನಿಮಿಷದಲ್ಲಿ, ಗಾಡಿ ಹೊರಡಲು ಸಿದ್ಧ ಎಂದು ಹೇಳುವ ‘ರೆಡಿ’ ದೀಪ ಹತ್ತಿತು. ಅಷ್ಟರಲ್ಲಿ ಅವರು ಗಾಡಿ ಮಾರುವ ಲೆಕ್ಕ ಹಾಕಿಯಾಗಿತ್ತು.

ಆ ‘ರೆಡಿ’ ದೀಪವನ್ನೂ ಗಮನದಲ್ಲಿಡಬೇಕು. ಎಂಜಿನ್ ಸುಮ್ಮನಿದೆಯೆಂದು ಗಾಡಿ ಆಫ್ ಆಗಿದೆ ಎಂದುಕೊಂಡು ಮುಚ್ಚಿದ ಗ್ಯಾರೇಜಿನಲ್ಲಿ ಬಿಟ್ಟು ಒಳಗೆ ಹೋದರೆ, ಎಂಜಿನ್ ತಾನಾಗಿ ಎದ್ದು ಕಾರ್ಬನ್ ಮಾನಾಕ್ಸೈಡ್ ತುಂಬಬಹುದು. ಜೀವ ಹೋಗುವ ವಿಷಯ ಇದು.

ಹೆಸರುಗಳ ಬಗ್ಗೆ ನನ್ನದೊಂದು ತಕರಾರಿದೆ. ಮೋಟಾರ್ ಒಂದರಿಂದಲೇ ಓಡಬಲ್ಲ ಗಾಡಿಗೂ, ಮೋಟಾರ್ ಎಂಜಿನ್ನಿಗೆ ಬರೀ ಕೈ ಆಸರೆ ಕೊಡುವ ಮೈಲ್ಡ್ ಗಾಡಿಗೂ ‘ಹೈಬ್ರಿಡ್’ ಎಂಬ ಒಂದೇ ಹಣೆಪಟ್ಟಿ ಅಂಟಿಸುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ. ಮೇಲೆ ಹೇಳಿದ್ದರಲ್ಲಿ ಬಹುಪಾಲು ಎರಡನೆಯ ಬಗೆಗೆ ಅನ್ವಯಿಸುವುದೇ ಇಲ್ಲ. ಹಾಗೆಯೇ ದಿನವೆಲ್ಲ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವರಿಗೆ ಪೂರ್ಣ ಹೈಬ್ರಿಡ್ ಕೊಡುವ ಲಾಭ, ನಿಂತು ನಿಂತು ಸಾಗುವ ರಸ್ತೆಯವರಿಗೆ ಸಿಗುವಷ್ಟಿರುವುದಿಲ್ಲ. ಮಾರುವವರು ಇದನ್ನು ಮೊದಲೇ ಹೇಳಬೇಕು.

ಮೊನ್ನೆ ನನ್ನ ಸೋದರಳಿಯ ಗಾಡಿ ಕೇಳಿದ. ಕೀ ಕೊಡುವ ಮೊದಲು ಅವನನ್ನು ಹಿಂದಿನ ಸೀಟಿನ ಹತ್ತಿರ ಕರೆದುಕೊಂಡು ಹೋಗಿ ಪಕ್ಕದ ಜಾಲರಿ ತೋರಿಸಿದೆ. ಬ್ಯಾಟರಿ ತಂಪಾಗಲು ಗಾಳಿ ಎಳೆದುಕೊಳ್ಳುವುದು ಅಲ್ಲಿಂದ. “ಇದಕ್ಕೆ ಅಡ್ಡ ಬ್ಯಾಗ್ ಇಡಬೇಡಪ್ಪ” ಎಂದೆ. ಅವನು ಬಗ್ಗಿ ಜಾಲರಿಗೆ ಕೈ ಹಿಡಿದು, “ಫ್ಯಾನ್ ಎಲ್ಲಿದೆ ಮಾವ?” ಎಂದ. ಇಬ್ಬರೂ ಅಲ್ಲೇ ಕೂತು ಕೈಪಿಡಿ ತೆಗೆದೆವು.