ಫಿಟ್ಜೆರಾಲ್ಡ್ ಹಡಗಿನ ಗಂಟೆ: ಅಸಲಿ ಎಲ್ಲಿದೆ?

‘ಎಡ್ಮಂಡ್ ಫಿಟ್ಜೆರಾಲ್ಡ್ ಹಡಗಿನ ಅಸಲಿ ಗಂಟೆ ಇನ್ನೂ ಸುಪೀರಿಯರ್ ಸರೋವರದ ತಳದಲ್ಲಿದೆ, ಮ್ಯೂಸಿಯಂನಲ್ಲಿರುವುದು ನಕಲಿ’ ಎಂಬ ಮೆಸೇಜ್ ಓಡಾಡುತ್ತಿದೆ. ವಿಷಯ ಪೂರ್ತಿ ಉಲ್ಟಾ.

ಅದಿರು ಸಾಗಿಸುತ್ತಿದ್ದ ಈ ಹಡಗು 1975ರ ನವೆಂಬರ್ 10ರ ರಾತ್ರಿ ಅಮೆರಿಕ-ಕೆನಡಾ ಗಡಿಯಲ್ಲಿರುವ ಈ ಸರೋವರದಲ್ಲಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಇದ್ದ 29 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರ ಮನೆಯವರ ಕೋರಿಕೆಯಂತೆ 1995ರ ಜುಲೈ 4ರಂದು ಸುಮಾರು 530 ಅಡಿ ಆಳದಿಂದ ಕಂಚಿನ ಗಂಟೆಯನ್ನು ಮೇಲೆತ್ತಿದರು. ಅದೀಗ ಅಮೆರಿಕದ ಮಿಷಿಗನ್ ರಾಜ್ಯದ ವೈಟ್‌ಫಿಶ್ ಪಾಯಿಂಟ್ ಮ್ಯೂಸಿಯಂನಲ್ಲಿದೆ. ಅದರ ಜಾಗಕ್ಕೆ ಇಳಿಸಿದ್ದು ಹೊಸ ಗಂಟೆ. ಅದರ ಮೇಲೆ 29 ಹೆಸರುಗಳನ್ನೂ ಕೆತ್ತಿದ್ದಾರೆ. ಸುಮ್ನೆ ನಕಲಿ ಅಂತ ತಳ್ಳಿಹಾಕಲು ಮನಸ್ಸು ಬರುವುದಿಲ್ಲ, ಅಲ್ವಾ?

‘ಯಾರು ಬೇಕಾದರೂ ಡೈವ್ ಮಾಡಿ ನೋಡಬಹುದು’ ಎಂಬುದೂ ಸುಳ್ಳು. ಹಡಗು ಬಿದ್ದಿರುವುದು ಕೆನಡಾದ ನೀರಿನಲ್ಲಿ. ಅಲ್ಲಿನ ಒಂಟಾರಿಯೊ ಪ್ರಾಂತ್ಯದ ಸರ್ಕಾರದ ಪರವಾನಗಿ ಬೇಕೇ ಬೇಕು.