ಮಾವನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ಕಲಿತದ್ದು

ಕಳೆದ ತಿಂಗಳು ಪರಿಚಯದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಗ್ರಾಹಕರ ದೂರು ಕೇಳಿಸಿಕೊಳ್ಳುವ ಕೆಲಸ ಅವಳದು. ‘ಅಕ್ಕಾ, ನಾನೂ ನಿಮ್ಮ ಹಾಗೆ ಪ್ರಾಡಕ್ಟ್ ಮ್ಯಾನೇಜರ್ ಆಗಬೇಕು. ಎರಡು ಲಕ್ಷ ರೂಪಾಯಿಯ ಕೋರ್ಸ್ ಒಂದಿದೆ. ಸಾಲ ಮಾಡಿಯಾದರೂ ಸೇರಲೇ?’ ಎಂದು ಕೇಳಿದಳು. ಬೇಡ ಎಂದೆ. ಯಾಕೆ ಬೇಡ ಎನ್ನುವುದನ್ನು ಆ ಹತ್ತು ನಿಮಿಷದಲ್ಲಿ ಹೇಳಲಾಗಲಿಲ್ಲ. ಅವಳಿಗೂ ಅವಳಂಥ ಇತರರಿಗೂ ಇಲ್ಲಿ ಹೇಳುತ್ತಿದ್ದೇನೆ.

ನಾನು ಆರು ವರ್ಷ ಸಾಫ್ಟ್‌ವೇರಿನ ತಪ್ಪು ಹುಡುಕುವ ಟೆಸ್ಟಿಂಗ್ ಕೆಲಸ ಮಾಡಿ, ಎಂಬಿಎ ಓದದೆ, ಸ್ವಂತ ಓದಿನಿಂದ ಈ ಕೆಲಸಕ್ಕೆ ಬಂದವಳು. ಮೊದಲ ಎಂಟು ತಿಂಗಳು ವಿಡಿಯೊಗಳಲ್ಲೇ ಕಳೆದುಹೋದವು. ನಾಲ್ಕು ಪ್ರಮಾಣಪತ್ರ ಬಂದವು, ಎರಡು ನೋಟ್‌ಬುಕ್ ತುಂಬ ಪಾರಿಭಾಷಿಕ ಪದಗಳು ಸೇರಿಕೊಂಡವು. ಒಂದು ಸಂದರ್ಶನದಲ್ಲಿ ಎದುರಿಗಿದ್ದವರು ಕೇಳಿದ್ದು ಇಷ್ಟೇ: ‘ನೀವು ಇತ್ತೀಚೆಗೆ ಕಣ್ಣಾರೆ ನೋಡಿದ ಒಬ್ಬ ಬಳಕೆದಾರರ ತೊಂದರೆ ಹೇಳಿ.’ ನನ್ನ ಬಳಿ ಹೇಳುವುದಕ್ಕೆ ಒಬ್ಬ ಮನುಷ್ಯನೂ ಇರಲಿಲ್ಲ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಏನನ್ನು ತಯಾರಿಸಬೇಕು, ಯಾರಿಗಾಗಿ, ಯಾವುದನ್ನು ಮೊದಲು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು ಪ್ರಾಡಕ್ಟ್ ಮ್ಯಾನೇಜರ್ ಕೆಲಸ. ತಯಾರಾದದ್ದನ್ನು ಯಾರಿಗೆ ಹೇಳಬೇಕು, ಯಾವ ಮಾತಿನಲ್ಲಿ, ಯಾವ ಬೆಲೆಗೆ ಎನ್ನುವುದು ಪ್ರಾಡಕ್ಟ್ ಮಾರ್ಕೆಟಿಂಗ್. ಸಣ್ಣ ಕಂಪನಿಗಳಲ್ಲಿ ಎರಡೂ ಒಬ್ಬರ ಹೆಗಲ ಮೇಲೆಯೇ ಬೀಳುತ್ತವೆ.

ಆ ಸಂದರ್ಶನದ ನಂತರ ದಸರಾ ರಜೆಗೆ ದಾವಣಗೆರೆಗೆ ಹೋದೆ. ಸೋದರಮಾವನದು ಕಿರಾಣಿ ಅಂಗಡಿ. ಅವರ ಮಗ ಮೊಬೈಲಿಗೆ ಬಿಲ್ಲು ಮತ್ತು ಉದ್ರಿ ಲೆಕ್ಕದ ಆ್ಯಪ್ ಒಂದನ್ನು ಹಾಕಿಕೊಟ್ಟಿದ್ದ, ಅದೂ ಕನ್ನಡದಲ್ಲಿ. ಮಾವ ನಾಲ್ಕೇ ದಿನಕ್ಕೆ ಅದನ್ನು ಬಿಟ್ಟಿದ್ದರು. ‘ಯಾಕೆ ಮಾವಾ?’ ಎಂದರೆ ‘ನನಗೆ ಸರಿಹೋಗಲಿಲ್ಲ’ ಎನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ. ಒಂದು ಸಲ ನನ್ನೆದುರಿಗೆ ಬಳಸಿ ತೋರಿಸಿ ಎಂದು ಬೇಡಿಕೊಂಡೆ, ನಡುವೆ ಬಾಯಿ ಹಾಕುವುದಿಲ್ಲ ಎಂದು ಮಾತು ಕೊಟ್ಟೆ.

ಮಾವ ಆ್ಯಪ್‌ನಲ್ಲಿ ಗಿರಾಕಿಯ ಹೆಸರು ಹುಡುಕಿದರು. ಎರಡು ಕಿಲೋ ಸಕ್ಕರೆ, ಅರ್ಧ ಕಿಲೋ ತೊಗರಿಬೇಳೆ, ಒಂದು ಕಟ್ಟು ಬೀಡಿ ಬರೆದರು. ಗಿರಾಕಿ ನೋಟು ಕೊಟ್ಟಾಗ ಪೂರ್ತಿ ಹಣ ಬಂತೆಂದು ಗುರುತು ಮಾಡಿದರು. ಪರದೆಯ ಕೆಳಗೆ ಹಸಿರು ಗುಂಡಿ, ಅದರ ಮೇಲೆ ‘ಉಳಿಸಿ’ ಎಂದಿತ್ತು. ಮಾವನ ಹೆಬ್ಬೆರಳು ಅದರ ಮೇಲೆ ಗಾಳಿಯಲ್ಲೇ ನಿಂತಿತು. ನನ್ನ ಮುಖ ನೋಡಿದರು. ಹಿಂದಕ್ಕೆ ಹೋಗುವ ಬಾಣದ ಗುರುತನ್ನು ಒತ್ತಿದರು. ಬರೆದದ್ದೆಲ್ಲ ಮಾಯವಾಯಿತು.

‘ಅಲ್ಲಮ್ಮಾ, ಅವನು ಪೂರ್ತಿ ದುಡ್ಡು ಕೊಟ್ಟಿದ್ದಾನೆ. ನಾನು ಉಳಿಸಿ ಅಂತ ಒತ್ತಿದರೆ ಅವನ ಹೆಸರಿನಲ್ಲಿ ಬಾಕಿ ಉಳಿಯುವುದಿಲ್ಲವೇ?’

ಉದ್ರಿ ಪುಸ್ತಕದೊಂದಿಗೆ ಮೂವತ್ತು ವರ್ಷ ಬಾಳಿದವರಿಗೆ ‘ಉಳಿಯುವುದು’ ಎಂದರೆ ಬಾಕಿ. ಇಂಗ್ಲಿಷಿನ ಸೇವ್ ಪದಕ್ಕೆ ನಿಘಂಟು ನೋಡಿ ಯಾರೋ ‘ಉಳಿಸಿ’ ಎಂದು ಬರೆದಿದ್ದರು. ನಿಘಂಟಿನ ಪ್ರಕಾರ ತಪ್ಪಿಲ್ಲ. ಆದರೆ ಗಲ್ಲಾಪೆಟ್ಟಿಗೆಯ ಮುಂದೆ ಆ ಮಾತಿನ ಅರ್ಥವೇ ಬೇರೆ. ಗುಂಡಿಯ ಮೇಲೆ ‘ಬರೆದಿಡಿ’ ಎಂದಿದ್ದರೆ ಮಾವ ಕಣ್ಣು ಮುಚ್ಚಿ ಒತ್ತುತ್ತಿದ್ದರು. ಎಂಟು ತಿಂಗಳ ವಿಡಿಯೊಗಳು ಕಲಿಸದ್ದನ್ನು ಆ ನಿಂತ ಹೆಬ್ಬೆರಳು ಕಲಿಸಿತು.

ಅದೇ ಮೇಜಿನ ಮೇಲೆ ಇನ್ನೊಂದು ಯಂತ್ರವಿತ್ತು: ಯುಪಿಐ ಹಣ ಬಂದ ಕೂಡಲೇ ಕನ್ನಡದಲ್ಲಿ ಕೂಗಿ ಹೇಳುವ ಪುಟ್ಟ ಪೆಟ್ಟಿಗೆ. ಅದಕ್ಕೆ ತಿಂಗಳ ಬಾಡಿಗೆ ಕೊಡುತ್ತಾರೆ, ದಿನವೂ ಬೆಳಿಗ್ಗೆ ಊದಿನಕಡ್ಡಿ ಹಚ್ಚುವಾಗ ಅದರ ಧೂಳು ಒರೆಸುತ್ತಾರೆ. ಯುಪಿಐ ಬಂದದ್ದು 2016ರಲ್ಲಿ, ಪೇಟಿಎಂ ಇಂಥ ಪೆಟ್ಟಿಗೆ ತಂದದ್ದು 2019ರಲ್ಲಿ. ನಡುವಿನ ಆ ಮೂರು ವರ್ಷ ಕೈಯಲ್ಲಿ ತಕ್ಕಡಿ ಹಿಡಿದವರು ಹಣ ಬಂತೋ ಇಲ್ಲವೋ ಎಂದು ಪ್ರತಿ ಸಲ ಮೊಬೈಲ್ ತೆಗೆದು ನೋಡಬೇಕಿತ್ತು. ಹಣ ಕಳುಹಿಸಿದಂತೆ ಮೊಬೈಲಿನಲ್ಲಿ ಸುಳ್ಳು ಚಿತ್ರ ತೋರಿಸಿ ಸಾಮಾನು ಒಯ್ದವರೂ ಇದ್ದರು. ಅಂಗಡಿಯವನ ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವಿದೆ ಎಂಬುದನ್ನು ಯಾರೋ ಅಂಗಡಿಯಲ್ಲಿ ನಿಂತು ನೋಡಿದ್ದಾರೆ ಎಂದೇ ನಾನು ನಂಬುತ್ತೇನೆ. ಒಂದೇ ಮನುಷ್ಯ, ಒಂದೇ ಮೇಜು, ಮಾವ ಪುಕ್ಕಟೆ ಸಿಕ್ಕ ಆ್ಯಪ್ ಬಿಟ್ಟು ದುಡ್ಡು ಕೊಡಬೇಕಾದ ಪೆಟ್ಟಿಗೆಯನ್ನು ಇಟ್ಟುಕೊಂಡಿದ್ದರು.

ಈ ಕಸುಬಿನ ಮೂಲವೂ ಹೀಗೆ ಅಂಗಡಿಗೆ ಹೋಗಿ ನೋಡುವುದರಲ್ಲಿಯೇ ಇದೆ. 1931ರ ಮೇ 13ರಂದು ಅಮೆರಿಕದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯಲ್ಲಿ ಕ್ಯಾಮೆ ಸಾಬೂನಿನ ಜಾಹೀರಾತು ನೋಡಿಕೊಳ್ಳುತ್ತಿದ್ದ ನೀಲ್ ಮೆಕೆಲ್ರಾಯ್ ಮೂರು ಪುಟದ ಟಿಪ್ಪಣಿ ಬರೆದರು. ವಯಸ್ಸು ಇಪ್ಪತ್ತಾರು. ಒಂದೊಂದು ಸಾಬೂನಿಗೂ ಅದರದೇ ಜವಾಬ್ದಾರಿ ಹೊತ್ತವರು ಬೇಕು, ಮಾಲು ಎಲ್ಲಿ ಚೆನ್ನಾಗಿ ಹೋಗುತ್ತಿದೆ, ಎಲ್ಲಿ ಹೋಗುತ್ತಿಲ್ಲ ಎಂದು ಅವರು ಲೆಕ್ಕ ನೋಡಬೇಕು, ಹೋಗದ ಕಡೆ ತಾವೇ ತಿರುಗಾಡಿ ವ್ಯಾಪಾರಿಗಳನ್ನೂ ಕೊಳ್ಳುವವರನ್ನೂ ಮಾತನಾಡಿಸಬೇಕು ಎಂಬುದು ಅದರ ತಿರುಳು. ಇಂದಿನ ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಯ ಬೇರನ್ನು ಆ ಟಿಪ್ಪಣಿಯಲ್ಲಿಯೇ ಗುರುತಿಸುತ್ತಾರೆ.

ಬೆಂಗಳೂರಿನದೇ ಉದಾಹರಣೆ ಬೇಕೆಂದರೆ ರೆಡ್‌ಬಸ್. 2005ರ ದೀಪಾವಳಿಗೆ ಬಸ್ ಟಿಕೆಟ್ ಸಿಗದೆ ಬೆಂಗಳೂರಿನಲ್ಲೇ ಉಳಿದ ಫಣೀಂದ್ರ ಸಾಮ ಮತ್ತು ಅವರ ಇಬ್ಬರು ಗೆಳೆಯರು ಎಂಜಿನಿಯರುಗಳು, ಬಸ್ ವ್ಯಾಪಾರ ಗೊತ್ತಿದ್ದವರಲ್ಲ. ಮೊದಲು ಬಸ್ ಮಾಲೀಕರಿಗೆಂದು ತಂತ್ರಾಂಶ ಬರೆದರು. ಮಾಲೀಕರಿಗೆ ಅದು ಬೇಕಾಗಿರಲಿಲ್ಲ. ಬರೆದದ್ದಕ್ಕೆ ಅಂಟಿಕೊಳ್ಳದೆ 2006ರಲ್ಲಿ ಪ್ರಯಾಣಿಕರಿಗೆ ಟಿಕೆಟ್ ಮಾರುವ ಕಡೆ ಹೊರಳಿದರು. ಮಾರ್ಕೆಟಿಂಗ್ ಕಲಿಯಲು ಮೈಸೂರು ಸ್ಯಾಂಡಲ್ ಸೋಪನ್ನು ಕೈಗೆತ್ತಿಕೊಂಡು ನೋಡಿ. ಮೊದಲ ಮಹಾಯುದ್ಧದಿಂದ ರಫ್ತು ನಿಂತು ರಾಶಿ ಬಿದ್ದ ಶ್ರೀಗಂಧದಿಂದ ಹುಟ್ಟಿದ ಉದ್ಯಮ ಅದು. ಆಗಿನ ಸಾಬೂನುಗಳು ಸಾಮಾನ್ಯವಾಗಿ ಆಯತಾಕಾರವಾಗಿದ್ದಾಗ ಇದಕ್ಕೆ ಅಂಡಾಕಾರ ಕೊಟ್ಟು, ಒಡವೆಯ ಪೆಟ್ಟಿಗೆಯಂಥ ಡಬ್ಬಿಯಲ್ಲಿಟ್ಟರು. ಯಾರಿಗೆ, ಯಾವ ಬೆಲೆಗೆ ಎನ್ನುವುದನ್ನು ಡಬ್ಬಿಯೇ ಹೇಳುತ್ತಿತ್ತು.

ಆದ್ದರಿಂದ, ತಂಗೀ, ನೀನು ಮಾಡಬೇಕಾದದ್ದು ಇದು. ನಿನ್ನ ಕಂಪನಿಯ ಒಂದು ಉತ್ಪನ್ನ ಹಿಡಿ. ಆ್ಯಪ್ ಅಂಗಡಿಯಲ್ಲಿ ಜನ ಬರೆದ ಅಭಿಪ್ರಾಯಗಳಲ್ಲಿ ಮೂರು ನಕ್ಷತ್ರದವನ್ನು ಓದು. ಐದು ಕೊಟ್ಟವರು ಹೊಗಳುತ್ತಾರೆ, ಒಂದು ಕೊಟ್ಟವರು ಬೈಯುತ್ತಾರೆ, ಮೂರು ಕೊಟ್ಟವರು ಏನು ಕೊರತೆ ಎಂದು ಹೇಳುತ್ತಾರೆ. ಕಂಪನಿಯ ದತ್ತಾಂಶದಿಂದ ಬೇಕಾದ ಮಾಹಿತಿಯನ್ನು ಹೊರತೆಗೆಯುವ ಭಾಷೆ ಎಸ್‌ಕ್ಯೂಎಲ್ ಕಲಿ. ಪುಕ್ಕಟೆ ಕಲಿಯಬಹುದು, ಎರಡು ತಿಂಗಳ ಸಂಜೆಗಳು ಸಾಕು, ಅಂಕಿಅಂಶಕ್ಕಾಗಿ ಯಾರ ಮುಂದೆಯೂ ಕೈಚಾಚಬೇಕಿಲ್ಲ. ವಾರಕ್ಕೆ ಒಂದು ತೊಂದರೆಯ ಬಗ್ಗೆ ಒಂದೇ ಪುಟ ಬರೆ: ಯಾರಿಗೆ ತೊಂದರೆ, ಈಗ ಅವರು ಹೇಗೆ ನಿಭಾಯಿಸುತ್ತಿದ್ದಾರೆ, ನಾವು ಏನು ಬದಲಿಸಿದರೆ ಅವರು ಹಳೆಯ ದಾರಿ ಬಿಡುತ್ತಾರೆ. ಮೊದಲು ಕನ್ನಡದಲ್ಲಿ ಬರೆ. ಇಂಗ್ಲಿಷಿನಲ್ಲಿ ಬರೆಯುವಾಗ ಕಲಿತ ದೊಡ್ಡ ಪದಗಳು ಓಡಿ ಬಂದು ಯೋಚನೆಯ ಜಾಗದಲ್ಲಿ ಕುಳಿತುಬಿಡುತ್ತವೆ. ಕನ್ನಡದಲ್ಲಿ ಅವು ಇಲ್ಲದ್ದರಿಂದ ವಿಷಯವನ್ನೇ ಹೇಳಬೇಕಾಗುತ್ತದೆ.

ದಿನಕ್ಕೆ ನಲವತ್ತು ಜನರ ದೂರು ಕೇಳುವವಳು ನೀನು. ಎರಡು ಲಕ್ಷ ಕೊಟ್ಟರೂ ಆ ಕೋರ್ಸ್ ಇದನ್ನು ತಂದುಕೊಡುವುದಿಲ್ಲ. ದೂರು ಕೇಳುವವರನ್ನು ನಮ್ಮ ಕಂಪನಿಗಳು ಕೆಳಗಿನ ಸಾಲಿನಲ್ಲಿ ಕೂರಿಸುವುದು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಸ್ವಂತ ಓದಿನಿಂದ ಬರದ ವಿಷಯಗಳೂ ಇವೆ. ಎಂಜಿನಿಯರುಗಳ ಜೊತೆ ಒಂದು ದಿನಾಂಕಕ್ಕೆ ಒಪ್ಪಂದಕ್ಕೆ ಬರುವುದು, ಮೇಲಿನವರು ಕೇಳಿದ್ದನ್ನು ಕಾರಣ ಕೊಟ್ಟು ನಿರಾಕರಿಸುವುದು ಕೆಲಸದೊಳಗೇ ಬರಬೇಕು. ಹೊರಗೆ ಅರ್ಜಿ ಹಾಕುವ ಮೊದಲು ಆ ಒಂದೊಂದು ಪುಟಗಳನ್ನು ನಿನ್ನ ಕಂಪನಿಯ ಪ್ರಾಡಕ್ಟ್ ತಂಡಕ್ಕೇ ತೋರಿಸು. ನಾನು ಒಳಗೆ ಬಂದದ್ದು ಹಾಗೆಯೇ, ಹನ್ನೊಂದನೆಯ ಪುಟಕ್ಕೆ.

ಈ ಸಲ ಊರಿಗೆ ಹೋದಾಗ ಮಾವನ ಉದ್ರಿ ಪುಸ್ತಕವನ್ನು ನಿಧಾನವಾಗಿ ತಿರುವಿದೆ. ಕೆಲವು ಹೆಸರುಗಳ ಪಕ್ಕ ಪೆನ್ಸಿಲಿನಿಂದ ಸಣ್ಣ ಸೊನ್ನೆ ಬರೆದಿತ್ತು. ಏನೆಂದು ಕೇಳಿದೆ. ‘ಇವರನ್ನು ಮೆಕ್ಕೆಜೋಳ ಮಾರಿ ಬರುವವರೆಗೆ ಕೇಳಬಾರದು’ ಎಂದರು. ಕಂತಿನ ದಿನ ಬಂದ ಕೂಡಲೇ ಎಲ್ಲರಿಗೂ ಒಂದೇ ಸಂದೇಶ ಕಳುಹಿಸುವ ಆ್ಯಪ್‌ಗಳನ್ನು ಬಹಳ ನೋಡಿದ್ದೇನೆ. ಆ ಸೊನ್ನೆಗೆ ಜಾಗವಿರುವುದನ್ನು ಒಂದೂ ನೋಡಿಲ್ಲ. ಎರಡು ವಾರದಿಂದ ಸಂಜೆ ಕುಳಿತು ಅದರ ಪುಟ ಬರೆಯುತ್ತಿದ್ದೇನೆ.