ಹೆಂಗಸರು ತಾಯ್ತನದ ಹೆಸರಿನಲ್ಲಿ ಮತದ ಹಕ್ಕು ಕೇಳಿದ್ದು ಸರಿಯೇ? ಪರ-ವಿರೋಧ

ಪರ: ಆ ಕಾಲಕ್ಕೆ ಅದೇ ಸರಿ

ಪರವಾಗಿ ಬರೆಯಿರಿ ಎಂದು ನನಗೆ ಹೇಳಿದ್ದಾರೆ. ಈ ವಾದವನ್ನು ಪೂರ್ತಿ ಒಪ್ಪುತ್ತೇನೆ ಎನ್ನಲಾರೆ. ಆದರೆ ಎದುರಿಗಿದ್ದವರಿಗೆ ಅರ್ಥವಾಗುವ ಮಾತಿನಲ್ಲೇ ಹಕ್ಕು ಕೇಳಬೇಕು ಅನ್ನುವುದನ್ನು ಒಪ್ಪುತ್ತೇನೆ.

ಹೆಣ್ಣು ಮನೆ ನೋಡಿಕೊಳ್ಳಲಿ ಎನ್ನುತ್ತಿದ್ದ ಕಾಲ. ಅಮೆರಿಕದ ಶಿಕಾಗೋದ ಸಮಾಜ ಸೇವಕಿ ಜೇನ್ ಆಡಮ್ಸ್ ಅದೇ ಮಾತನ್ನು ಹಿಡಿದುಕೊಂಡರು. ಮಗು ಕುಡಿಯುವ ಹಾಲು ಹೊರಗಿಂದ ಬರುತ್ತದೆ, ಕಸ ಬೀದಿಯಲ್ಲಿ ಕೊಳೆಯುತ್ತದೆ. ಮತವಿಲ್ಲದ ತಾಯಿ ಮನೆ ಕಾಯುವುದು ಹೇಗೆ? ಇದು ಸುಮ್ನೆ ಭಾಷಣವಲ್ಲ. 1895ರಲ್ಲಿ ತಮ್ಮ ವಾರ್ಡಿನ ಕಸದ ಇನ್ಸ್‌ಪೆಕ್ಟರ್ ಆಗಿ ಅವರೇ ಬೀದಿಗಿಳಿದಿದ್ದರು.

ಸರೋಜಿನಿ ನಾಯ್ಡು ಕೂಡ 1918ರ ಮುಂಬೈ ಕಾಂಗ್ರೆಸ್ಸಿನಲ್ಲಿ ಹೀಗೆಯೇ ವಾದಿಸಿದರು. ಗಂಡಸರ ಅಧಿಕಾರಕ್ಕೆ ಕೈ ಹಾಕಲು ಅಲ್ಲ, ಮಕ್ಕಳಲ್ಲಿ ದೇಶದ ಆದರ್ಶ ಬೆಳೆಸಲು ಮತ ಬೇಕು ಅಂದರು. ಠರಾವು ಪಾಸಾಯಿತು. 1920ರಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ 24 ವರ್ಷದ ಶಾಸಕ ಹ್ಯಾರಿ ಬರ್ನ್ ಅಮ್ಮನ ಪತ್ರ ಓದಿ ಮನಸ್ಸು ಬದಲಿಸಿದ. ಹೆಂಗಸರಿಗೆ ಮತ ಕೊಡುವ, ಅಮೆರಿಕ ಸಂವಿಧಾನದ 19ನೇ ತಿದ್ದುಪಡಿ ಗೆದ್ದಿತು. ತಾಯಿಯ ಮಾತಿಗೆ ಅಂಥ ಬಲವಿತ್ತು. ಅದನ್ನು ಬಳಸಿದರೆ ತಪ್ಪೇನು?

ವಿರೋಧ: ಹಕ್ಕಿಗೆ ಕಾರಣ ಯಾಕೆ ಕೊಡಬೇಕು?

ಮತ ಹಾಕಲು ಹೋದ ಗಂಡಸನ್ನು ನೀನು ಒಳ್ಳೆಯ ಅಪ್ಪನಾ ಅಂತ ಯಾರಾದರೂ ಕೇಳಿದರಾ? ಆಸ್ತಿ ಕೇಳಿದರು, ತೆರಿಗೆ ಕೇಳಿದರು. ಹೆಣ್ಣು ಮಾತ್ರ ತನ್ನ ಒಳ್ಳೆಯತನಕ್ಕೆ ಸಾಕ್ಷಿ ಒದಗಿಸಬೇಕಿತ್ತು.

ತಾಯ್ತನದಿಂದಲೇ ಮತ ಸಿಕ್ಕಿತು ಅನ್ನುವವರಿದ್ದಾರೆ. ಮತಕ್ಕಾಗಿ ಹೋರಾಡಿ ಜೈಲಿಗೆ ಹೋದವರಿಗೆ ಅದು ಅವಮಾನ. 1909ರಿಂದ ಬ್ರಿಟನ್ನಿನ ಜೈಲುಗಳಲ್ಲಿ ಉಪವಾಸ ಕೂತ ಹೆಂಗಸರನ್ನು ಒತ್ತಿ ಹಿಡಿದು, ನಳಿಕೆ ತೂರಿಸಿ ಊಟ ಇಳಿಸಿದರು. ಅಷ್ಟೆಲ್ಲ ನೋವು ತಿಂದಿದ್ದು ಒಳ್ಳೆಯ ಗೃಹಿಣಿ ಅನ್ನಿಸಿಕೊಳ್ಳಲಿಕ್ಕಾ?

ಹೆಂಡತಿ, ತಾಯಿ ಅಂತ ಕೇಳಿದರೆ ಅಷ್ಟೇ ಸಿಗುತ್ತದೆ. 1918ರಲ್ಲಿ ಬ್ರಿಟನ್ 30 ದಾಟಿದ ಹೆಂಗಸರಿಗೆ ಮತ ಕೊಟ್ಟಿತು, ಅದೂ ಹೆಚ್ಚಾಗಿ ತಮ್ಮ ಇಲ್ಲವೇ ಗಂಡನ ಆಸ್ತಿಯ ಆಧಾರದ ಮೇಲೆ. ಯುದ್ಧಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದ ಎಳೆಯ ಹುಡುಗಿಯರು 1928ರವರೆಗೆ ಕಾದರು. ಬ್ರಿಟಿಷರ ಕಾಲದ ನಮ್ಮ 1935ರ ಭಾರತ ಸರ್ಕಾರ ಕಾಯಿದೆಯೂ ಗಂಡನ ಆಸ್ತಿ ನೋಡಿ ಹೆಂಡತಿಗೆ ಮತ ಕೊಟ್ಟಿತು. ಮದುವೆಯೂ ಇಲ್ಲ, ಆಸ್ತಿಯೂ ಇಲ್ಲ, ಓದೂ ಇಲ್ಲ ಅನ್ನುವವಳು ಎಲ್ಲಿಗೆ ಹೋಗಬೇಕು?

ನಮ್ಮ ಸೋದರತ್ತೆ ಅಂಥವರು. ಅಣ್ಣನ ಮನೆಯಲ್ಲಿ ಅಡಿಕೆ ಸುಲಿಯುತ್ತಾ ಬಾಳು ಕಳೆದರು. ಜಮೀನು ಮಾರುವಾಗ ಅವರನ್ನು ಕೇಳಲಿಲ್ಲ. ಹೆಣ್ಣು ನೋಡಲು ಜನ ಬಂದಾಗ ಒಳಗಿರು ಅನ್ನುತ್ತಿದ್ದರು. ಚುನಾವಣೆಯ ದಿನ ಮಾತ್ರ ಅವರು ಬೇಗ ಎದ್ದು, ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು, ಎಲ್ಲರಿಗಿಂತ ಮೊದಲು ಹೊರಡುತ್ತಿದ್ದರು. ಯಾರಿಗೆ ಹಾಕಿದೆ ಅಂತ ದೊಡ್ಡಪ್ಪ ಕೇಳಿದರೆ ಮೌನ. ಒಮ್ಮೆ ದೊಡ್ಡಪ್ಪ ಗದರಿಸಿಯೇ ಕೇಳಿದರು. "ನಿನ್ನದು ನಿನಗೆ, ನನ್ನದು ನನಗೆ" ಅಂದು ಅತ್ತೆ ಒಳಗೆ ಹೋದರು. ದೊಡ್ಡಪ್ಪನಿಗೆ ಆ ಮನೆಯಲ್ಲಿ ಹಾಗೆ ಹೇಳಿದವರನ್ನು ನಾನು ಬೇರೆ ನೋಡಿಲ್ಲ.

1935ರ ಲೆಕ್ಕದಲ್ಲಿ ಅತ್ತೆಗೆ ಮತವೇ ಇರುತ್ತಿರಲಿಲ್ಲ. 1950ರ ಸಂವಿಧಾನ ಮದುವೆ ಕೇಳಲಿಲ್ಲ, ಮಕ್ಕಳನ್ನು ಕೇಳಲಿಲ್ಲ. 21 ವರ್ಷ ತುಂಬಿದೆಯಾ ಅಂತಷ್ಟೇ ಕೇಳಿತು.